ಇಂಗ್ಲಿಷ್ ನಿಷೇಧವಾಕ್ಯಗಳಲ್ಲಿ ಒತ್ತಿನ ಇತಿಹಾಸ

ಎರಡು ನಿಷೇಧಗಳು ಸೇರಿದಲ್ಲಿ ವಿಧಿಯರ್ಥವೇ ಲಭಿಸುವುದೆಂಬ ನ್ಯಾಯವು ಸಂಸ್ಕೃತಜ್ಞರಿಗೆ ಚಿರಪರಿಚಿತವಾದುದು. ಲೌತನೇ ಮೊದಲಾದ 18ನೆಯ ಶತಮಾನದ ಇಂಗ್ಲಿಷ್ ವೈಯಾಕರಣರೂ ಇದನ್ನೇ ವಿಧಿಸಿದರು. ಆದರೆ 1400ರಲ್ಲಿ ಕಾಲವಾದ ಚಾಸರ್ ಕವಿಯು ‘ಕ್ಯಾಂಟರ್‌ಬರಿ ಕಥೆಗಳು’ ಎಂಬ ಕಾವ್ಯದ ಪೀಠಿಕೆಯಲ್ಲಿ, ನೈಟ್ ಪದವಿಯ ವೀರನೊಬ್ಬನು ಯಾರೊಡನೆಯೂ ಕೆಟ್ಟ ಮಾತನ್ನಾಡಿದವನಲ್ಲವೆಂದು ಹೇಳುವಾಗ, ಒಂದೇ ವಾಕ್ಯದಲ್ಲಿ ನಾಲ್ಕು ನಿಷೇಧಪದಗಳನ್ನು ಪ್ರಯೋಗಿಸಿರುವನು. ಮೇಲಿನ ನ್ಯಾಯವನ್ನು ಇಲ್ಲಿಗೆ ಅನ್ವಯಿಸಿದರೆ ಆ ವೀರನು ದುರ್ಭಾಷಿಯೆಂದೇ ಅರ್ಥವಾಗಬೇಕಾದೀತು! ಕವಿಯ ಆಶಯವಾದರೋ ತೀರ ವಿರುದ್ಧವಾದುದು. ಆದುದರಿಂದ ಆ ಭಾಷೆಯಲ್ಲಿ ನಿಷೇಧವು ಬೆಳೆದುಬಂದ ಬಗೆಯು ವಿಚಾರಾರ್ಹವಾಗಿದೆ.

ಪ್ರಾಚೀನ ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಮೊದಲು ‘ನೆ’ ಎಂಬ ಅವ್ಯಯವನ್ನಿಟ್ಟರೆ ನಿಷೇಧವು ಸಿದ್ಧಿಸುತ್ತಿತ್ತು. ಒತ್ತಿ ಹೇಳಬೇಕಾದಾಗ, ‘ಏನೊಂದೂ ಅಲ್ಲ’ ಎಂಬರ್ಥದ ‘ನಾವಿಖ್ಟ್’ ಎಂಬ ಶಬ್ದವನ್ನೂ ಕೂಡಿಸುತ್ತಿದ್ದರು. ಕಾಲಕ್ರಮದಲ್ಲಿ ಈ ಶಬ್ದವು ಸವೆದು ‘ನಾಟ್’ ಎಂದಾಯಿತು. ಬಳಕೆ ಹೆಚ್ಚಿದಂತೆ ಅದರ ಒತ್ತೂ ಸವೆಯಿತು. ಸಹಾಯಕ್ಕೆಂದು ಬಂದ ಪದವೇ ನಿಷೇಧದ ಭಾರವನ್ನೆಲ್ಲ ಹೊರಲು, ‘ನೆ’ಕಾರವು 15ನೆಯ ಶತಮಾನದೊಳಗೆ ಬಹುಮಟ್ಟಿಗೆ ಲೋಪವಾಗಿ, ‘ಐ ನೋ ನಾಟ್’ ಎಂಬಂತಹ ರಚನೆಯು ನಿಂತಿತು. 16ನೆಯ ಶತಮಾನದಿಂದ ‘ಡೂ’ ಎಂಬ ಸಹಾಯಕಕ್ರಿಯೆಯು ಹೆಚ್ಚುಹೆಚ್ಚಾಗಿ ಸೇರುತ್ತ ಬಂದು ‘ಐ ಡೂ ನಾಟ್ ನೋ’ ಎಂಬುದು ರೂಢವಾಯಿತು. 17ನೆಯ ಶತಮಾನದ ಬರಹಗಳಲ್ಲಿ ‘ಡೋಂಟ್’ ಎಂಬ ಸಂಕ್ಷಿಪ್ತರೂಪವೂ ಕಾಣುವುದು. ಒತ್ತು ಸವೆದು ಹೊಸ ಒತ್ತು ಹುಟ್ಟುವ ಈ ಕ್ರಮವನ್ನು ಡೆನ್ಮಾರ್ಕಿನ ವಿದ್ವಾಂಸನಾದ ಯೆಸ್ಪರ್ಸನ್ 1917ರಲ್ಲಿ ವಿಶದವಾಗಿ ನಿರೂಪಿಸಿದನು.

ಈಗಿನ ಮಾತಿನಲ್ಲಿ ‘ಡೋಂಟ್’ ಎಂಬುದೇ ಸಾಮಾನ್ಯವಾದುದರಿಂದ, ‘ಡೂ ನಾಟ್’ ಎಂದು ಬಿಡಿಸಿ ಹೇಳಿದರೆ ದಾರ್ಢ್ಯವು ತೋರುವುದು. ‘ಹೀ ಈಸ್ ನಾಟ್ ಎ ಫೂಲ್’ ಎಂಬುದು ಮೂರ್ಖತ್ವವನ್ನು ನಿಷೇಧಿಸುವುದು, ಅಷ್ಟೆ. ‘ಹೀ ಈಸ್ ನೋ ಫೂಲ್’ ಎಂದರೆ ಅವನು ಚತುರನೆಂದೇ ಧ್ವನಿ. ‘ನೆವರ್’ ಎಂಬುದನ್ನು ವಾಕ್ಯಾದಿಯಲ್ಲಿಟ್ಟು, ಸಹಾಯಕಕ್ರಿಯೆಯನ್ನು ಕರ್ತೃವಿಗಿಂತ ಮೊದಲು ತರುವುದೂ ಒತ್ತಿಗಾಗಿಯೇ. ಅನೇಕ ಪ್ರಾಂತಭೇದಗಳಲ್ಲಿ ಚಾಸರನ ಕಾಲದ ಬಹುನಿಷೇಧವು ಇಂದಿಗೂ ಉಳಿದಿದೆ.

ಕನ್ನಡದಲ್ಲಿ ‘ಇಲ್ಲದಿಲ್ಲ’ ಎಂದರೆ ‘ಉಂಟು’ ಎಂದರ್ಥ; ‘ಇಲ್ಲವೇ ಇಲ್ಲ’ ಎಂದರೆ ನಿಷೇಧವೇ ಬಲಗೊಳ್ಳುವುದು. ನಿಷೇಧಪದಗಳನ್ನು ಎಣಿಸಿದ ಮಾತ್ರಕ್ಕೆ ಅರ್ಥವು ನಿಶ್ಚಿತವಾಗದೆಂಬುದಕ್ಕೆ ಇದೇ ಸಾಕ್ಷಿ. ಲೌತಾದಿಗಳ ನಿಯಮವು ಇಂದಿನ ಶಿಷ್ಟ ಇಂಗ್ಲಿಷಿಗೆ ಸಲ್ಲಬಹುದು. ಮೂರೂವರೆ ಶತಮಾನಗಳಷ್ಟು ಹಿಂದಿನ ಕವಿಯಲ್ಲಿ ಅದರಿಂದ ದೋಷವನ್ನೆಣಿಸುವುದು ನ್ಯಾಯವಲ್ಲ. ಲಕ್ಷಣವು ಲಕ್ಷ್ಯವನ್ನು ಅನುಸರಿಸಬೇಕೇ ಹೊರತು ಲಕ್ಷ್ಯವು ಲಕ್ಷಣವನ್ನಲ್ಲ.