ಡಬ್ಬಿಯ ತೂಕ, ಮೈಯ ತೂಕ

2023ರ ಜನವರಿಯಲ್ಲಿ ಬ್ಯಾಂಕಿನ ವಾರ್ಷಿಕ ಹೆಲ್ತ್ ಚೆಕಪ್ಪಿನ ರಿಪೋರ್ಟು ಕೈಗೆ ಬಂತು. ತೂಕ 86.5 ಕೆಜಿ. ಎಚ್‌ಬಿಎ1ಸಿ 6.2. ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಸಾಹೇಬ್, ಇನ್ನೂ ಶುಗರ್ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ" ಅಂದರು. ಕುಮಟೆಯಲ್ಲಿ ನನ್ನ ಅಪ್ಪ ಇದೇ ಕಾಯಿಲೆಯಲ್ಲಿ ಬಲಗಾಲಿನ ಎರಡು ಬೆರಳು ಕಳಕೊಂಡದ್ದನ್ನು ಕಣ್ಣಾರೆ ಕಂಡವನು ನಾನು. ಮನೆಗೆ ಬಂದು ರಿಪೋರ್ಟು ಟೀಪಾಯಿ ಮೇಲಿಟ್ಟು ಸುಮ್ಮನೆ ಕೂತೆ.

ಮಗಳು ಓದಿದಳು. ಈಗಿನ ಮಕ್ಕಳಿಗೆ ಎಲ್ಲ ರೋಗಕ್ಕೂ ಮೊಬೈಲಿನಲ್ಲಿ ಮದ್ದಿದೆ ನೋಡಿ! ರಾತ್ರಿ ಊಟ ಮುಗಿಯುವುದರೊಳಗೆ "ಅಪ್ಪಾ, ಡಯಟ್ ಡಬ್ಬಾ ಬುಕ್ ಮಾಡಿದ್ದೇನೆ, ಮೂರು ತಿಂಗಳು" ಅಂದಳು. ಮಧ್ಯಾಹ್ನ ಆಫೀಸಿಗೆ ಒಂದು, ರಾತ್ರಿ ಮನೆಗೆ ಒಂದು. ಪ್ರತಿ ಡಬ್ಬಿಯ ಮೇಲೂ ಕ್ಯಾಲೊರಿ ಬರೆದ ಚೀಟಿ. ಊಟಕ್ಕೆ 280 ರೂಪಾಯಿ, ಭಾನುವಾರ ರಜೆ. ನಾನೂ ಒಪ್ಪಿದೆ. ನಮ್ಮನೆಯವಳು ಏನೂ ಹೇಳಲಿಲ್ಲ. ಮಾರನೆಯ ವಾರ ನನ್ನ ಮೂರು ಖಾನೆಯ ಸ್ಟೀಲ್ ಡಬ್ಬಿ ತೊಳೆದು, ಒರೆಸಿ, ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಬೋರಲು ಹಾಕಿಟ್ಟಳು, ಅಷ್ಟೇ.

ಆ ಡಬ್ಬಿಯ ಕತೆ ಮೊದಲು ಹೇಳಿಬಿಡುತ್ತೇನೆ. ಯಾಕೆಂದರೆ ಮುಂಬಯಿಯಲ್ಲಿ ಡಬ್ಬಿಗೆ ನನಗಿಂತ ಬಹಳ ದೊಡ್ಡ ಚರಿತ್ರೆ ಇದೆ.

1890ರ ಸುಮಾರಿಗೆ ಮಹಾದೇವ ಹಾವಜಿ ಬಚ್ಚೆ ಎಂಬವರು ನೂರರಷ್ಟು ಜನರನ್ನು ಕಟ್ಟಿಕೊಂಡು ಮನೆಮನೆಯ ಊಟವನ್ನು ಕೋಟೆ ಪ್ರದೇಶದ ಆಫೀಸುಗಳಿಗೆ ಮುಟ್ಟಿಸುವ ಕೆಲಸ ಶುರು ಮಾಡಿದರು. ಡಬ್ಬಾವಾಲಾಗಳ ಇತಿಹಾಸ ಅಲ್ಲಿಂದ. ಬಿಳಿ ಟೋಪಿ, ಡಬ್ಬಿಯ ಮುಚ್ಚಳದ ಮೇಲೆ ಬಣ್ಣದ ಗುರುತು, ಲೋಕಲ್ ಟ್ರೇನಿನ ಲಗೇಜ್ ಡಬ್ಬಿ. ನಾನು 1993ರಲ್ಲಿ ಟ್ರಾನ್ಸ್‌ಫರ್ ಆಗಿ ಇಲ್ಲಿಗೆ ಬಂದು, ಮದುವೆಯಾಗಿ, ಡೊಂಬಿವಲಿಯಲ್ಲಿ ಮನೆ ಮಾಡಿದ ಮೇಲೆ ನನ್ನ ಊಟವೂ ಹಾಗೆಯೇ ಫೋರ್ಟಿಗೆ ಬರುತ್ತಿತ್ತು. 2020ರ ಮಾರ್ಚ್‌ನಲ್ಲಿ ಲೋಕಲ್ ನಿಂತಾಗ ಅವರ ಕೆಲಸವೂ ನಿಂತಿತು. ಆಮೇಲೆ ನನ್ನ ಡಬ್ಬಿಯನ್ನು ನಾನೇ ಹೊರುತ್ತಿದ್ದೇನೆ.

ಮನೆ ಇಲ್ಲದವರಿಗೆ ಖಾಣಾವಳ ಇತ್ತು. ಗಿರಣಗಾಂವಿನ ಬಟ್ಟೆ ಗಿರಣಿಗಳಿಗೆ ಕೊಂಕಣದಿಂದ, ಘಟ್ಟದ ಮೇಲಿನಿಂದ ಒಂಟಿಯಾಗಿ ಬಂದ ಗಂಡಸರಿಗೆ, ಚಾಳಿನ ಒಂದೇ ಕೋಣೆಯಲ್ಲಿದ್ದ ಹೆಂಗಸರು ಅಡುಗೆ ಮಾಡಿ ಹಾಕುತ್ತಿದ್ದರು. ಲೆಕ್ಕ ತಿಂಗಳಿಗೊಮ್ಮೆ. ಆ ಹೆಂಗಸರು ರೇಶನ್ನಿಗೆ ಬಡ್ಡಿ ಸಾಲ ಮಾಡಿ ಮುಳುಗುವುದನ್ನು ಕಂಡು ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು, ರಾಷ್ಟ್ರೀಕೃತ ಬ್ಯಾಂಕಿನಿಂದ ಸಣ್ಣ ಸಾಲ ಕೊಡಿಸಿದರು. ಬ್ಯಾಂಕಿನವನಾಗಿ ಈ ಒಂದು ಸಂಗತಿ ಹೇಳುವಾಗ ಎದೆ ಸ್ವಲ್ಪ ಉಬ್ಬುತ್ತದೆ, ಕ್ಷಮಿಸಿ. ಇನ್ನು ನಮ್ಮ ಕರಾವಳಿಯವರ ಕೊಡುಗೆ ನಿಮಗೆ ಗೊತ್ತೇ ಇದೆ. ಮಾಟುಂಗಾದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಲೆ ಹಾಕುತ್ತಿದೆ. ಬ್ಯಾಚುಲರ್ ದಿನಗಳಲ್ಲಿ ಎಷ್ಟೋ ಭಾನುವಾರ ಅಲ್ಲಿ ಸರದಿಯಲ್ಲಿ ನಿಂತಿದ್ದೇನೆ. 86.5ರಲ್ಲಿ ಅವರ ಸಾರಿನ ಪಾಲೂ ಇದ್ದೀತು!

ಈ ಎಲ್ಲ ಡಬ್ಬಿ, ತಟ್ಟೆ, ಎಲೆಗಳ ಉದ್ದೇಶ ಒಂದೇ ಆಗಿತ್ತು. ಊರು ಬಿಟ್ಟು ಬಂದ ಜೀವ ಹೊಟ್ಟೆ ತುಂಬ ಉಣ್ಣಬೇಕು. ಹೊಟ್ಟೆ ತುಂಬದಂತೆ ನೋಡಿಕೊಳ್ಳಲು ದುಡ್ಡು ಕೊಟ್ಟು ಡಬ್ಬಿ ತರಿಸುವ ಕಾಲ ಬಂದೀತು ಅಂತ ಆ ಖಾಣಾವಳದ ಬಾಯಿಗಳಿಗೆ ಹೇಳಿದ್ದರೆ, ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಇರಲಿ. ಏಪ್ರಿಲ್ ಕೊನೆಗೆ ನನ್ನ ಡಬ್ಬಿ ಮುಗಿಯಿತು. ತೂಕ 80.5. ಆರು ಕೆಜಿ ಇಳಿದಿದ್ದೆ! ಪ್ಯಾಂಟು ಸಡಿಲ. ಸೆಕ್ಷನ್ನಿನಲ್ಲಿ ಎಲ್ಲರಿಗೂ ಪೇಢಾ ಹಂಚುವ ಹುಮ್ಮಸ್ಸು (ನಾನು ಒಂದೇ ತಿಂದೆ). ಅದೇ ಹೊತ್ತಿಗೆ, ಮೇ ಮೊದಲ ವಾರದಲ್ಲಿ ಒಂದು ಸುದ್ದಿ ಓದಿದೆ. ಅಮೆರಿಕದ ಜೆನ್ನಿ ಕ್ರೇಗ್ ಎಂಬ ಕಂಪನಿ ಬಾಗಿಲು ಮುಚ್ಚುತ್ತಿದೆ ಅಂತ. ನಲವತ್ತು ವರ್ಷ ತೂಕ ಇಳಿಸುವ ಸಿದ್ಧ ಊಟ ಮಾರಿದ ಕಂಪನಿಯಂತೆ. ನನ್ನಂಥವರು ಇಷ್ಟೊಂದು ಜನ ಇರುವಾಗ ಇದು ಹೇಗೆ ಮುಳುಗಿತು? ಕಂಪನಿ ಮುಳುಗಿತು ಅಂದರೆ ಬ್ಯಾಂಕಿನವನಿಗೆ ಬ್ಯಾಲೆನ್ಸ್ ಶೀಟ್ ನೋಡುವ ಚಟ. ಹುಡುಕುತ್ತ ಹೋದೆ.

ಪೆಟ್ಟಿಗೆಯಲ್ಲಿ ಅಳತೆ ಮಾಡಿ ಊಟ ಮಾರುವ ಕಲೆ ಅಮೆರಿಕದಲ್ಲಿ ಮನೆಮಾತಾದದ್ದು 1954ರ ಸುಮಾರಿಗೆ, ಸ್ವಾನ್ಸನ್ ಕಂಪನಿಯ ಟಿವಿ ಡಿನ್ನರ್ ಮೂಲಕ. ಖಾನೆಗಳಿದ್ದ ಅಲ್ಯೂಮಿನಿಯಂ ತಟ್ಟೆಯಲ್ಲಿ ಟರ್ಕಿ ಕೋಳಿ, ಬಟಾಣಿ, ಗೆಣಸು. ಬಿಸಿ ಮಾಡಿ ತಿನ್ನುವುದಷ್ಟೇ. ಅದಕ್ಕೂ ತೂಕಕ್ಕೂ ಸಂಬಂಧವಿರಲಿಲ್ಲ. ಆದರೆ ಎಷ್ಟು ಬಡಿಸಬೇಕು ಎಂಬ ತೀರ್ಮಾನ ಅಡುಗೆಮನೆಯಿಂದ ಕಾರ್ಖಾನೆಗೆ ಹೋಯಿತು. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. 1963ರಲ್ಲಿ ನ್ಯೂಯಾರ್ಕಿನ ಗೃಹಿಣಿ ಜೀನ್ ನೈಡೆಚ್ ಅವರ ವೇಟ್ ವಾಚರ್ಸ್ ಬಂತು. ಅದರ ಜೀವಾಳ ಊಟಕ್ಕಿಂತ ಹೆಚ್ಚಾಗಿ ವಾರದ ಸಭೆ. ನಮ್ಮ ಭಜನಾ ಮಂಡಳಿ ಇದ್ದ ಹಾಗೆ ಅನ್ನಿ, ದೇವರ ಜಾಗದಲ್ಲಿ ತಕ್ಕಡಿ.

1972ರಲ್ಲಿ ನ್ಯೂಟ್ರಿಸಿಸ್ಟಮ್, ಮೊದಲು ಪ್ರೋಟೀನಿನ ಪಾನಕ, ಆಮೇಲೆ ಸಿದ್ಧ ಊಟ. 1981ರಲ್ಲಿ ಸ್ಟೌಫರ್ಸ್‌ನವರ ಲೀನ್ ಕ್ವಿಸೀನ್ ಎಂಬ ಕಡಿಮೆ ಕ್ಯಾಲೊರಿಯ ಪೆಟ್ಟಿಗೆ. 1983ರಲ್ಲಿ ಜೆನ್ನಿ ಕ್ರೇಗ್ ದಂಪತಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಅಂಗಡಿ ತೆರೆದು, ಎರಡು ವರ್ಷದಲ್ಲಿ ಅಮೆರಿಕಕ್ಕೆ ತಂದರು. ವಾರಕ್ಕೊಮ್ಮೆ ಕೇಂದ್ರಕ್ಕೆ ಹೋಗಬೇಕು, ಸಲಹೆಗಾರ್ತಿ ತೂಕ ನೋಡಬೇಕು, ವಾರದ ಊಟ ಅಲ್ಲಿಯೇ ಕೊಳ್ಳಬೇಕು.

ಎಂಬತ್ತರ ದಶಕ ಇವರಿಗೆ ಸುಗ್ಗಿ. ತೊಂಬತ್ತು ಬಂದದ್ದೇ ಲೆಕ್ಕ ಕೇಳುವವರು ಬಂದರು. ಬೇಗ ಇಳಿದವರಲ್ಲಿ ಕೆಲವರು ಪಿತ್ತಕೋಶದಲ್ಲಿ ಕಲ್ಲಾಯಿತು ಅಂತ ಕೋರ್ಟಿಗೆ ಹೋದರು. 1993ರಲ್ಲಿ ನ್ಯೂಟ್ರಿಸಿಸ್ಟಮ್ ದಿವಾಳಿಯ ಬಾಗಿಲಿಗೆ ಹೋಗಿ ಬಂತು. ಅದೇ ವರ್ಷ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ವೇಟ್ ವಾಚರ್ಸ್, ಜೆನ್ನಿ ಕ್ರೇಗ್, ನ್ಯೂಟ್ರಿಸಿಸ್ಟಮ್ ಸೇರಿ ಐದು ದೊಡ್ಡ ಕಂಪನಿಗಳ ಜಾಹೀರಾತಿಗೆ ಆಧಾರವಿಲ್ಲ ಅಂತ ಆರೋಪ ಹೊರಿಸಿತು. ಇಳಿಸುತ್ತೇವೆ, ಇಳಿದದ್ದು ಉಳಿಯುತ್ತದೆ ಎನ್ನುತ್ತೀರಲ್ಲ, ಎಲ್ಲಿ ದಾಖಲೆ? ಜೆನ್ನಿ ಕ್ರೇಗ್ 1997ರಲ್ಲಿ ರಾಜಿ ಮಾಡಿಕೊಂಡಿತು. ಬಹಳ ಜನರಿಗೆ ಈ ಇಳಿಕೆ ತಾತ್ಕಾಲಿಕ ಎಂಬ ಅರ್ಥದ ಮಾತನ್ನು ಜಾಹೀರಾತಿನಲ್ಲಿ ಹಾಕಬೇಕೆಂದಾಯಿತು. ಮ್ಯೂಚುವಲ್ ಫಂಡಿನವರು ಕೊನೆಯಲ್ಲಿ ಉಸಿರು ಬಿಗಿಹಿಡಿದು ಓದುತ್ತಾರಲ್ಲ, ಆ ಜಾತಿಯ ಮಾತು. 1999ರಲ್ಲಿ ನ್ಯೂಟ್ರಿಸಿಸ್ಟಮ್ ಇಂಟರ್ನೆಟ್ಟಿಗೆ ಬಂದು ಪೆಟ್ಟಿಗೆಗಳನ್ನು ನೇರವಾಗಿ ಮನೆಗೇ ಕಳಿಸತೊಡಗಿತು. ಮಗಳು ಬುಕ್ ಮಾಡಿದ ಡಬ್ಬಿಯ ಅಜ್ಜ ಇದೇ ಅನ್ನಬಹುದು.

ಹಾಗಾದರೆ ಇದೆಲ್ಲ ಮೋಸವೇ? ಹಾಗೂ ಅಲ್ಲ. ಇಲ್ಲಿ ನನಗೆ ನಿಜವಾಗಿ ಆಶ್ಚರ್ಯವಾಯಿತು.

1993ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 202 ಜನರನ್ನು ಗುಂಪು ಮಾಡಿದ್ದರು. ಕೆಲವರಿಗೆ ಬರೀ ಪಾಠ, ಕೆಲವರಿಗೆ ಪಾಠದ ಜೊತೆ ವಾರಕ್ಕೆ ಐದು ಬೆಳಗಿನ ತಿಂಡಿ, ಐದು ರಾತ್ರಿಯೂಟ ಪುಕ್ಕಟೆ. ಕೆಲವರಿಗೆ ತೂಕ ಇಳಿಸಿದ್ದಕ್ಕೆ ದುಡ್ಡು. ಊಟ ಸಿಕ್ಕವರು ಸ್ಪಷ್ಟವಾಗಿ ಹೆಚ್ಚು ಇಳಿದರು. ದುಡ್ಡಿನಿಂದ ಏನೂ ವಿಶೇಷ ಆಗಲಿಲ್ಲ. (ಇನ್ಸೆಂಟಿವ್ ಕೊಟ್ಟರೆ ಏನು ಬೇಕಾದರೂ ಆಗುತ್ತದೆ ಅಂತ ಸರ್ಕ್ಯುಲರ್ ಕಳಿಸುವವರು ಓದಬೇಕು.) ಹದಿನೆಂಟು ತಿಂಗಳಿಗೆ ಊಟ ನಿಂತಿತು. ಇನ್ನೊಂದು ವರ್ಷ ಬಿಟ್ಟು ನೋಡಿದರೆ ಎಲ್ಲ ಗುಂಪೂ ಹಳೆಯ ತೂಕದತ್ತ ಹೊರಟಿತ್ತು.

2010ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಬಂದದ್ದು ಇನ್ನೂ ದೊಡ್ಡದು. 442 ಹೆಂಗಸರು, ಎರಡು ವರ್ಷ, ಜೆನ್ನಿ ಕ್ರೇಗ್ ಕಾರ್ಯಕ್ರಮ. ಕೇಂದ್ರಕ್ಕೆ ಹೋದವರು ಎರಡು ವರ್ಷದ ಕೊನೆಗೆ ಸರಾಸರಿ 7.4 ಕೆಜಿ, ಫೋನಿನಲ್ಲಿ ಸಲಹೆ ಪಡೆದವರು 6.2 ಕೆಜಿ, ಮಾಮೂಲಿ ಸಲಹೆಯವರು 2 ಕೆಜಿ ಕಡಿಮೆ ಇದ್ದರು. ಒಳ್ಳೆಯ ಅಂಕಿ. ಆದರೆ ಫುಟ್‌ನೋಟ್ ಓದದೆ ಸಹಿ ಹಾಕಬಾರದು ಅಂತ ನಮಗೆ ಮೊದಲ ದಿನವೇ ಕಲಿಸಿದ್ದಾರೆ. ಖರ್ಚು ಕೊಟ್ಟದ್ದು ಕಂಪನಿ. ಊಟ ಪುಕ್ಕಟೆ. ಪ್ರತಿವಾರ ಮಾತಾಡಿಸುವ ಮನುಷ್ಯರಿದ್ದರು, ಮತ್ತು ಕ್ರಮೇಣ ಪೆಟ್ಟಿಗೆ ಬಿಡಿಸಿ ಮನೆಯೂಟಕ್ಕೆ ದಾಟಿಸುತ್ತಿದ್ದರು. ನನಗೆ ಡಬ್ಬಿ ತಂದ ಹುಡುಗ ಒಟಿಪಿ ಕೇಳಿದ್ದು ಬಿಟ್ಟರೆ ಯಾರೂ ಏನೂ ಕೇಳಿರಲಿಲ್ಲ. 2015ರಲ್ಲಿ ಇಂಥ ಕಾರ್ಯಕ್ರಮಗಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಜರಡಿ ಹಿಡಿದವರಿಗೂ ಸಿಕ್ಕಿದ್ದು ಸಾಧಾರಣ ಲಾಭವೇ. ಜೆನ್ನಿ ಕ್ರೇಗ್‌ನವರು ಒಂದು ವರ್ಷದಲ್ಲಿ ಬೇರೆಯವರಿಗಿಂತ ಶೇ. 4.9ರಷ್ಟು ಹೆಚ್ಚು, ನ್ಯೂಟ್ರಿಸಿಸ್ಟಮ್‌ನವರು ಮೂರು ತಿಂಗಳಲ್ಲಿ ಶೇ. 3.8ರಷ್ಟು ಹೆಚ್ಚು ಇಳಿದಿದ್ದರು.

ಇವೆರಡರ ನಡುವೆ 1996ರ ಒಂದು ಸಣ್ಣ ಅಧ್ಯಯನ ಇದೆ, ನನ್ನ ನಿದ್ದೆ ಕೆಡಿಸಿದ್ದು ಅದು. ಇಲ್ಲಿ 163 ಹೆಂಗಸರು. ಒಂದು ಗುಂಪಿಗೆ ಪಾಠ ಮಾತ್ರ. ಒಂದಕ್ಕೆ ಊಟ ಪುಕ್ಕಟೆ, ಇನ್ನೊಂದಕ್ಕೆ ಖರ್ಚಿನ ಒಂದು ಪಾಲು ಕೊಟ್ಟು. ನಾಲ್ಕನೆಯ ಗುಂಪಿಗೆ ಊಟವೇ ಇಲ್ಲ. ಯಾವ ದಿನ ಏನು, ಎಷ್ಟು ತಿನ್ನಬೇಕು ಅಂತ ಬರೆದ ಪಟ್ಟಿ, ಜೊತೆಗೆ ಅಂಗಡಿಯಿಂದ ತರಬೇಕಾದ ಸಾಮಾನಿನ ಚೀಟಿ, ಇಷ್ಟೇ. ಆರು ತಿಂಗಳಿಗೆ ಪಾಠದವರಿಗಿಂತ ಉಳಿದ ಮೂರೂ ಗುಂಪು ಮುಂದೆ. ಆ ಮೂರರಲ್ಲಿ ವ್ಯತ್ಯಾಸ ಇಲ್ಲ! ಚೀಟಿ ಸಿಕ್ಕವರೂ ಊಟ ಸಿಕ್ಕವರೂ ಹೆಚ್ಚುಕಡಿಮೆ ಒಂದೇ ಇಳಿದಿದ್ದರು.

ಅಂದರೆ ಆ ಪೆಟ್ಟಿಗೆಯೊಳಗಿನ ಕ್ವಿನೋವಾ, ಬ್ರೊಕೊಲಿಗಳಲ್ಲಿ ಮಂತ್ರವಿರಲಿಲ್ಲ. ಹಸಿವಾದ ಹೊತ್ತಿನಲ್ಲಿ ಏನು ತಿನ್ನಲಿ, ಇನ್ನೊಂದು ಚಪಾತಿ ಹಾಕಿಕೊಳ್ಳಲೇ ಎಂದು ಯೋಚಿಸುವ ಕೆಲಸವನ್ನು ಅದು ತಪ್ಪಿಸುತ್ತಿತ್ತು. ನಿನ್ನೆಯೇ ತೀರ್ಮಾನವಾಗಿದೆ, ಇಷ್ಟೇ. ಈ ಕೆಲಸಕ್ಕೆ ಒಂದು ಕಾಗದ ಸಾಕಾಗಿತ್ತು. ಕಾಗದಕ್ಕೆ ಯಾರು ಊಟಕ್ಕೆ 280 ರೂಪಾಯಿ ಕೊಡುತ್ತಾರೆ ಹೇಳಿ?

ಇದನ್ನು ಓದುವ ಹೊತ್ತಿಗೆ ನನ್ನ ಖಾತೆಯ ಸ್ಥಿತಿ ಹೀಗಿತ್ತು. ಮೂರು ತಿಂಗಳು, 78 ದಿನ, ದಿನಕ್ಕೆ 560 ರೂಪಾಯಿ, ಒಟ್ಟು 43,680. ಏಪ್ರಿಲಿನಲ್ಲಿ ಆರು ಕೆಜಿಗೆ ಭಾಗಿಸಿದಾಗ ಕೆಜಿಗೆ 7,280. ಗಣಪತಿ ಹಬ್ಬ ಮುಗಿದು ಅಕ್ಟೋಬರಿನಲ್ಲಿ ತಕ್ಕಡಿ ಹತ್ತಿದರೆ 85. ಉಳಿದದ್ದು ಒಂದೂವರೆ ಕೆಜಿ, ಅಂದರೆ ಕೆಜಿಗೆ 29,120 ರೂಪಾಯಿ. ಇಂಥ ಆಸ್ತಿಯನ್ನು ನಾವು ಬ್ಯಾಂಕಿನಲ್ಲಿ ಎನ್‌ಪಿಎ ಅನ್ನುತ್ತೇವೆ.

ಮಗಳಿಗೆ ಹೇಳಲಿಲ್ಲ, ಅವಳ ಸಂಬಳದ ದುಡ್ಡು ಅದು. ಒಂದು ರಾತ್ರಿ ನಮ್ಮನೆಯವಳಿಗೆ 1996ರ ಕತೆ ಹೇಳಿದೆ. ಪೂರ್ತಿ ಕೇಳಿ, "ಆ ಚೀಟಿ ಬರೆಯೋದಕ್ಕೆ ಅಮೆರಿಕದವರು ಬೇಕಿತ್ತಾ? ಇಪ್ಪತ್ತೈದು ವರ್ಷ ನಿಮ್ಮ ಡಬ್ಬಿ ಕಟ್ಟಿದವಳು ನಾನು. ಒಂದು ದಿನ ಕೂತು, ಕಡಿಮೆ ಕಟ್ಟು ಅಂತ ಹೇಳಿದ್ದೀರಾ?" ಅಂದಳು. ಹೇಳಿರಲಿಲ್ಲ. ಡಬ್ಬಿ ಖಾಲಿಯಾಗಿ ವಾಪಸು ಬಂದರೆ ಅವಳಿಗೆ ಖುಷಿ ಅಂತ ನಾನು ತಿನ್ನುತ್ತಿದ್ದೆ. ನನಗೆ ಸಾಲದೆ ಹೋದೀತು ಅಂತ ಅವಳು ತುಂಬುತ್ತಿದ್ದಳು. ಇಷ್ಟು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಉಪಕಾರ ಮಾಡಿಕೊಂಡು ನನ್ನನ್ನು 86ಕ್ಕೆ ಮುಟ್ಟಿಸಿದ್ದೆವು.

ಮೂರು ತಿಂಗಳು ಅವಳ ಅಡುಗೆಯನ್ನು ಪಕ್ಕಕ್ಕಿಟ್ಟು ಪ್ಲಾಸ್ಟಿಕ್ ಪೆಟ್ಟಿಗೆ ಬಿಚ್ಚಿ ಎದುರಿಗೇ ಕೂತು ತಿಂದಿದ್ದೆನಲ್ಲ, ಆ ಮಾತು ಅವಳು ಆಡಲಿಲ್ಲ, ನಾನೂ ಎತ್ತಲಿಲ್ಲ.

ಎಲ್ಲರಿಗೂ ಚೀಟಿ ಸಾಕು ಅಂತ ನಾನು ಹೇಳಲಾರೆ. ಗೋರೆಗಾಂವಿನಲ್ಲೊಂದು ಕೋಣೆ ಹಿಡಿದು ರಾತ್ರಿ ಹತ್ತಕ್ಕೆ ಮನೆ ಸೇರುವ, ಒಲೆಯೇ ಇಲ್ಲದ ಹುಡುಗ ಹುಡುಗಿಯರಿಗೆ ವಡಾಪಾವಿಗಿಂತ ಡಯಟ್ ಡಬ್ಬಿ ನೂರು ಪಾಲು ಮೇಲು. ಅವರಿಗೆ ಅದು ಹೊಸ ಕಾಲದ ಖಾಣಾವಳ. ಮೂರು ತಿಂಗಳು ತರಿಸಿ, ಅಳತೆ ಕಣ್ಣಿಗೆ ಕೂತ ಮೇಲೆ ಬಿಟ್ಟರೆ ಒಳ್ಳೆಯದು. ನನ್ನ ಹಾಗೆ ಏನೂ ಕಲಿಯದೆ ಬಿಟ್ಟರೆ ದುಡ್ಡು ದಂಡ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಂತೂ ಡಾಕ್ಟರನ್ನು ಕೇಳದೆ ಊಟ ತಗ್ಗಿಸಲೇಬಾರದು. ಅಂದ ಹಾಗೆ, ಜೆನ್ನಿ ಕ್ರೇಗ್ ಹೆಸರನ್ನು ಆಮೇಲೆ ನ್ಯೂಟ್ರಿಸಿಸ್ಟಮ್‌ನವರ ಮಾತೃಸಂಸ್ಥೆಯೇ ಕೊಂಡುಕೊಂಡಿತು. ವೇಟ್ ವಾಚರ್ಸ್ 2025ರ ಮೇ ತಿಂಗಳಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಹಸಿವು ತಗ್ಗಿಸುವ ಹೊಸ ಇಂಜೆಕ್ಷನ್ನುಗಳ ಮುಂದೆ ತಕ್ಕಡಿ, ಪೆಟ್ಟಿಗೆ ಎರಡೂ ಸಪ್ಪೆಯಾದವು. ಆ ಇಂಜೆಕ್ಷನ್ ನಿಲ್ಲಿಸಿದರೂ ತೂಕ ಮರಳುತ್ತದಂತೆ, ಅದು ಇನ್ನೊಂದು ದಿನದ ಬರಹ.

ಈಗ ನಮ್ಮ ಫ್ರಿಜ್ಜಿನ ಮೇಲೆ ಒಂದು ಚೀಟಿ ಇದೆ, ಅವಳ ಅಕ್ಷರದಲ್ಲಿ. ಸೋಮವಾರ ಎರಡು ಚಪಾತಿ, ಒಂದು ಬಟ್ಟಲು ತೊವ್ವೆ, ಸೌತೆಕಾಯಿ. ಬುಧವಾರ ಕುಚ್ಚಲಕ್ಕಿ ಅನ್ನ ಒಂದು ಬಟ್ಟಲು, ಬಸಳೆ ಹುಳಿ. ಬಟ್ಟಲು ಯಾವುದು ಅಂತ ಜಗಳ ಬೇಡವೆಂದು ಅದಕ್ಕೆ ಕೆಂಪು ನೇಲ್ ಪಾಲಿಶಿನ ಬೊಟ್ಟು ಇಟ್ಟಿದ್ದಾಳೆ, ಡಬ್ಬಾವಾಲಾನ ಗುರುತಿನ ಹಾಗೆ. ಹದಿನಾಲ್ಕು ತಿಂಗಳಾಯಿತು. ತೂಕ 81ರಲ್ಲಿ ನಿಂತಿದೆ, ಎಚ್‌ಬಿಎ1ಸಿ 5.8. ಡಾಕ್ಟರು ಇನ್ನೂ ಮೂರು ಕೆಜಿ ಅನ್ನುತ್ತಾರೆ. ಡಬ್ಬಿಯ ಮೂರನೆಯ ಖಾನೆಗೆ ಈಗ ಕೆಲಸವಿಲ್ಲ, ಅದನ್ನು ಬಿಚ್ಚಿ ಅವಳು ಸಾಸಿವೆ ಹಾಕಿಟ್ಟುಕೊಂಡಿದ್ದಾಳೆ.