ಮಲೆನಾಡಿನ ಹಳೆಯ ಕೋವಿ: ನಳಿಗೆಯೊಳಗಿನ ಚರಿತ್ರೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಕಾಫಿ ತೋಟದ ಮನೆಗಳಲ್ಲಿ ಅಜ್ಜನ ಕಾಲದ ಕೋವಿಯೊಂದನ್ನು ನೀವು ಕಂಡಿರಬಹುದು. ಹಂದಿ, ಮಂಗಗಳಿಂದ ಬೆಳೆ ಕಾಯಲು ಪರವಾನಗಿ ಪಡೆದು ಇಟ್ಟುಕೊಂಡದ್ದು ಅದು. ಕೆಲವು ಕೇಪಿನ ಕೋವಿಗಳು, ಕೆಲವು ತೋಟಾ ಹಾಕುವ ಒಂಟಿ ನಳಿಗೆಯವು. ಹೆಚ್ಚಿನವಕ್ಕೆ ಈಗ ಕೆಲಸವಿಲ್ಲ. ಮಲೆನಾಡಿನ ಮಳೆಗೆ ತುಕ್ಕು ಹಿಡಿಯುತ್ತಾ ಕುಳಿತಿವೆ. ಇಂಥ ಕೋವಿ ಭೌತವಿಜ್ಞಾನದ ಮುನ್ನೂರು ವರ್ಷಗಳ ಚರಿತ್ರೆಯನ್ನು ತನ್ನ ಮೈಮೇಲೆ ಬರೆದುಕೊಂಡಿರುತ್ತದೆ. ಅದನ್ನು ಓದುವುದು ಹೇಗೆ, ಅಳಿಯದಂತೆ ಉಳಿಸುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಕಿಡಿಯಿಂದ ಕೇಪಿನವರೆಗೆ

ಮೊದಲ ಕೋವಿಗಳಲ್ಲಿ ಮದ್ದಿಗೆ ಕಿಡಿ ಮುಟ್ಟಿಸಲು ಉರಿಯುವ ಬತ್ತಿ ಬೇಕಿತ್ತು. ಅನಂತರ ಚಕಮಕಿ ಕಲ್ಲು ಬಂದಿತು. ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ತಯಾರಾದ, ಹುಲಿಪಟ್ಟೆಯ ಅಲಂಕಾರವಿರುವ ಕೋವಿಗಳು ಈ ಬಗೆಯವು. 1799ರಲ್ಲಿ ಕೋಟೆ ಬಿದ್ದ ಮೇಲೆ ಅವುಗಳಲ್ಲಿ ಅನೇಕವು ಇಂಗ್ಲೆಂಡಿನ ಸಂಗ್ರಹಗಳನ್ನು ಸೇರಿದವು.

ಚಕಮಕಿಗೆ ಮಳೆಯೇ ಶತ್ರು. ಹೊರಗೆ ತೆರೆದಿಟ್ಟ ಮದ್ದು ಒದ್ದೆಯಾದರೆ ಕೋವಿ ಕೇವಲ ದೊಣ್ಣೆ. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್, ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಮುಂದಿನ ದಶಕಗಳಲ್ಲಿ ಅದು ಪಾದರಸದ ಫಲ್ಮಿನೇಟ್ ತುಂಬಿದ ಪುಟ್ಟ ತಾಮ್ರದ ಟೋಪಿಯಾಯಿತು. ನಮ್ಮವರು ಕೇಪು ಎನ್ನುವುದು ಇದನ್ನೇ. ಕುದುರೆ ಕೇಪಿನ ಮೇಲೆ ಬಿದ್ದರೆ ಸಾಕು, ಮಳೆಯಲ್ಲೂ ಈಡು ಹಾರುತ್ತದೆ.

ಗುಂಡು ದಾರಿ ತಪ್ಪುವುದೇಕೆ?

ನುಣುಪಾದ ನಳಿಗೆಯಿಂದ ಹೊರಟ ದುಂಡನೆಯ ಗುಂಡು ನೇರವಾಗಿ ಹೋಗುವುದಿಲ್ಲ. ಈ ಪ್ರಶ್ನೆಯನ್ನು ಪ್ರಯೋಗದಿಂದ ಬಿಡಿಸಲು ಹೊರಟವನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. 1742ರ ತನ್ನ ಪುಸ್ತಕದಲ್ಲಿ ಆತ ಗುಂಡಿನ ವೇಗ ಅಳೆಯುವ ಲೋಲಕವನ್ನು ವಿವರಿಸಿದ. ತೂಗುಬಿಟ್ಟ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ಓಲಾಡಿತೆಂದು ನೋಡುವುದು. ಸಂವೇಗ ಸಂರಕ್ಷಣೆಯ ನಿಯಮದಿಂದ ವೇಗವನ್ನು ಲೆಕ್ಕ ಹಾಕುವುದು. ಗುಂಡು ಶಬ್ದಕ್ಕಿಂತಲೂ ವೇಗವಾಗಿ ಹಾರಬಲ್ಲದು, ಗಾಳಿಯ ತಡೆ ಎಲ್ಲರೂ ಭಾವಿಸಿದ್ದಕ್ಕಿಂತ ಬಹಳ ಹೆಚ್ಚು ಎಂಬುದು ಆಗ ತಿಳಿಯಿತು. ಈ ಪುಸ್ತಕವನ್ನು ಜರ್ಮನ್ ಭಾಷೆಗೆ ತಂದವನು ಸ್ವತಃ ಆಯ್ಲರ್.

ಗುಂಡು ನಳಿಗೆಯ ಗೋಡೆಗೆ ಉಜ್ಜಿ ಮನಬಂದಂತೆ ತಿರುಗುವುದರಿಂದಲೇ ದಾರಿ ತಪ್ಪುತ್ತದೆ ಎಂದು ರಾಬಿನ್ಸ್ ವಾದಿಸಿದ. ಅದನ್ನು ತೋರಿಸಲು ನಳಿಗೆಯ ತುದಿಯನ್ನು ಎಡಕ್ಕೆ ಬಗ್ಗಿಸಿ ಗುಂಡು ಹಾರಿಸಿದ. ಗುಂಡು ಮೊದಲು ಎಡಕ್ಕೆ ಹೊರಟು, ಆಮೇಲೆ ಬಲಕ್ಕೆ ಬಾಗಿತು! ಸ್ಪಿನ್ ಬೌಲರನ ಚೆಂಡು ಗಾಳಿಯಲ್ಲಿ ಹೊರಳುವುದೂ ಇದೇ ಕಾರಣಕ್ಕೆ. ಒಂದು ಶತಮಾನದ ಬಳಿಕ, 1852ರಲ್ಲಿ, ಮ್ಯಾಗ್ನಸ್ ಇದನ್ನು ಮತ್ತೆ ಅಧ್ಯಯನ ಮಾಡಿದ್ದರಿಂದ ನಾವು ಇದನ್ನು ಮ್ಯಾಗ್ನಸ್ ಪರಿಣಾಮ ಎನ್ನುತ್ತೇವೆ. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಬಂದ ರಾಬಿನ್ಸ್ 1751ರಲ್ಲಿ ತೀರಿಕೊಂಡದ್ದು ನಮ್ಮ ನೆರೆಯ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ.

ತಿರುಗುವಿಕೆಯನ್ನು ತಡೆಯಲಾಗದಿದ್ದರೆ ಅದನ್ನು ಗುಂಡಿನ ಪಥದ ಅಕ್ಷದ ಸುತ್ತ ಮಾತ್ರ ಇರುವಂತೆ ಮಾಡಬೇಕು. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರು ಕೊರೆದರೆ ಇದು ಸಾಧ್ಯ. ಹೀಗೆ ಗೀರು ಕೊರೆದ ಕೋವಿಯೇ ರೈಫಲ್. ತಿರುಗುವ ಬುಗುರಿ ನೆಟ್ಟಗೆ ನಿಲ್ಲುವಂತೆ, ತಿರುಗುವ ಗುಂಡು ತನ್ನ ದಿಕ್ಕನ್ನು ಕಾಪಾಡಿಕೊಳ್ಳುತ್ತದೆ. 1871ರಲ್ಲಿ ಬಳಕೆಗೆ ಬಂದ ಮಾರ್ಟಿನಿ-ಹೆನ್ರಿ ಎಂಬ ಒಂದೇ ಈಡಿನ ಸೇನಾ ರೈಫಲನ್ನು ತೆಗೆದುಕೊಳ್ಳಿ. ಅದರಲ್ಲಿ 7 ಗೀರುಗಳು. ಸುಮಾರು 56 ಸೆಂ.ಮೀ. ಉದ್ದಕ್ಕೆ ಒಂದು ಸುತ್ತು. ಗುಂಡಿನ ವೇಗ ಸೆಕೆಂಡಿಗೆ ಸುಮಾರು 410 ಮೀಟರ್. ಭಾಗಿಸಿ ನೋಡಿ: ಗುಂಡು ಸೆಕೆಂಡಿಗೆ 730ಕ್ಕೂ ಹೆಚ್ಚು ಬಾರಿ ತಿರುಗುತ್ತದೆ.

ಅದೇ ಗುಂಡಿನ ತೂಕ 31 ಗ್ರಾಂ. ರಾಬಿನ್ಸನ ಲೋಲಕ 20 ಕಿಲೋಗ್ರಾಂ ಇದ್ದರೆ, ಗುಂಡು ನೆಟ್ಟ ದಿಮ್ಮಿ ಎಷ್ಟು ಎತ್ತರಕ್ಕೆ ಏರುತ್ತದೆ? ಕೇವಲ 2 ಸೆಂ.ಮೀ. ಗುಂಡಿನಲ್ಲಿದ್ದ ಸುಮಾರು 2600 ಜೂಲ್ ಚಲನಶಕ್ತಿಯಲ್ಲಿ 4 ಜೂಲ್ ಮಾತ್ರ ಲೋಲಕಕ್ಕೆ ದಕ್ಕಿತು. ಉಳಿದದ್ದೆಲ್ಲಿ ಹೋಯಿತು? ಶಿಕ್ಷಕರು ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಬಹುದು. ಸಂವೇಗ ಉಳಿಯುತ್ತದೆ, ಆದರೆ ಚಲನಶಕ್ತಿ ಮರ ಸೀಳುವುದರಲ್ಲಿ ಮತ್ತು ಶಾಖದಲ್ಲಿ ಕಳೆದುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಗೀರು ಅಳಿಸಿದ ಕೋವಿಗಳು

ಸುರುಳಿ ಗೀರಿನ ಲಾಭ ರಾಬಿನ್ಸನಿಗೆ ಗೊತ್ತಿದ್ದರೂ ಸೈನ್ಯಗಳಲ್ಲಿ ಅದು ವ್ಯಾಪಕವಾಗಲು ನೂರು ವರ್ಷ ಹಿಡಿಯಿತು. ಬಾಯಿಯಿಂದ ತುಂಬುವ ಕೋವಿಯಲ್ಲಿ ಗೀರಿಗೆ ಕಚ್ಚಿಕೊಳ್ಳುವಷ್ಟು ಬಿಗಿಯಾದ ಗುಂಡನ್ನು ಬಡಿದು ಇಳಿಸುವುದು ತಡವಾಗುತ್ತಿತ್ತು. 1840ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಮಿನಿಯೆ ಇದಕ್ಕೆ ದಾರಿ ಕಂಡ. ಹಿಂಬದಿ ಟೊಳ್ಳಾದ ನೀಳ ಗುಂಡು ನಳಿಗೆಯಲ್ಲಿ ಸಲೀಸಾಗಿ ಇಳಿಯುತ್ತದೆ. ಮದ್ದು ಸಿಡಿದಾಗ ಅನಿಲದ ಒತ್ತಡಕ್ಕೆ ಅದರ ಬುಡ ಹಿಗ್ಗಿ ಗೀರನ್ನು ಕಚ್ಚುತ್ತದೆ. ಈ ತತ್ತ್ವದ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಭಾರತಕ್ಕೂ ಬಂದಿತು. ಅದರ ತೋಟಾಕ್ಕೆ ಹಚ್ಚಿದ ಕೊಬ್ಬಿನ ವಿವಾದ 1857ರ ದಂಗೆಗೆ ಕಿಡಿಯಾದದ್ದು ನಿಮಗೆ ತಿಳಿದಿದೆ.

ಪಠ್ಯಪುಸ್ತಕ ಹೇಳದ ಮುಂದಿನ ಭಾಗ ಹೀಗಿದೆ. ದಂಗೆಯ ಬಳಿಕ ಭಾರತೀಯ ಸಿಪಾಯಿಗಳಿಗೆಂದು 1858ರ ಮಾದರಿಯ ಕೋವಿ ತಯಾರಾಯಿತು. ನೋಡಲು ಎನ್‌ಫೀಲ್ಡ್‌ನಂತೆಯೇ ಇತ್ತು. ಆದರೆ ನಳಿಗೆಯ ಒಳಗೆ ಗೀರಿರಲಿಲ್ಲ. 14.7 ಮಿ.ಮೀ. ವ್ಯಾಸದ ನಳಿಗೆಯನ್ನು 16.7 ಮಿ.ಮೀ.ಗೆ ಕೊರೆದು ನುಣುಪು ಮಾಡಲಾಗಿತ್ತು. ದೂರಕ್ಕೆ ತಕ್ಕಂತೆ ಹೊಂದಿಸುವ ಗುರಿಪಟ್ಟಿಯೂ ಇರಲಿಲ್ಲ. ಬಿಳಿಯ ಸೈನಿಕನ ಕೈಯಲ್ಲಿ ರೈಫಲ್, ಪಕ್ಕದ ಸಿಪಾಯಿಯ ಕೈಯಲ್ಲಿ ರಾಬಿನ್ಸನಿಗೂ ಹಿಂದಿನ ಕಾಲದ ಕೋವಿ. ಮುಂದಿನ ಶತಮಾನದಲ್ಲಿ ಬಂಗಾಳದ ಇಷಾಪುರ ಕಾರ್ಖಾನೆ ಪೊಲೀಸರಿಗಾಗಿ ಲೀ-ಎನ್‌ಫೀಲ್ಡ್ ರೈಫಲುಗಳ ನಳಿಗೆಯನ್ನು ಇದೇ ರೀತಿ ನುಣುಪಾಗಿಸಿ, ಒಂದೊಂದೇ ಈಡು ಹಾರುವಂತೆ ಮಾರ್ಪಡಿಸಿತು. ಯಾರನ್ನು ಎಷ್ಟು ನಂಬಬಹುದು ಎಂಬ ಲೆಕ್ಕವನ್ನು ಆಳುವವರು ಮಿಲಿಮೀಟರುಗಳಲ್ಲಿ ಬರೆದಿಟ್ಟಿದ್ದರು! 1878ರ ಕಾಯ್ದೆ ಸಾಮಾನ್ಯ ಜನರ ಕೋವಿಗೂ ಪರವಾನಗಿ ಕಡ್ಡಾಯ ಮಾಡಿತು. ನಮ್ಮ ನೆರೆಯ ಕೊಡಗಿನವರಿಗೆ ಇದರಿಂದ ವಿನಾಯಿತಿ ಸಿಕ್ಕಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಇಂದಿಗೂ ಕೊಡವರು ಕೋವಿಗೆ ತೋಕ್‌ಪೂ ಇಟ್ಟು ಪೂಜಿಸುತ್ತಾರೆ.

ತುಕ್ಕು ಮತ್ತು ಕುದುರೆಮುಖದ ಅದಿರು

ಇನ್ನು ಉಳಿಸುವ ಮಾತು. ಹಳೆಯ ಕೋವಿಯ ನಳಿಗೆಗೆ ಇರುವ ಕಪ್ಪುನೀಲಿ ಹೊಳಪು ಬಣ್ಣವಲ್ಲ, ಕಬ್ಬಿಣದ ಆಕ್ಸೈಡಿನ ತೆಳುಪದರ. ಅದೇ ಮ್ಯಾಗ್ನೆಟೈಟ್. 2005ರ ಕೊನೆಯವರೆಗೂ ಕುದುರೆಮುಖದ ಗಣಿಯಿಂದ ತೆಗೆದು, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಪಣಂಬೂರಿಗೆ ಕಳಿಸುತ್ತಿದ್ದ ಅದಿರಿನ ಮುಖ್ಯ ಖನಿಜವೂ ಇದೇ! ಕೋವಿ ತಯಾರಕರು ನಳಿಗೆಗೆ ಬೇಕೆಂದೇ ತೆಳುವಾಗಿ ತುಕ್ಕು ಬರಿಸಿ, ಕುದಿಯುವ ನೀರಿನಲ್ಲಿ ಅದ್ದುತ್ತಿದ್ದರು. ಕೆಂಪು ತುಕ್ಕು ಕಪ್ಪು ಮ್ಯಾಗ್ನೆಟೈಟಾಗಿ ಮಾರ್ಪಡುತ್ತಿತ್ತು. ಕೆಂಪು ತುಕ್ಕು ಸಡಿಲ, ತೇವವನ್ನು ಒಳಬಿಡುತ್ತದೆ. ಕಪ್ಪು ಪದರ ಬಿಗಿಯಾಗಿ ಅಂಟಿಕೊಂಡು, ಎಣ್ಣೆಯನ್ನು ಹಿಡಿದಿಟ್ಟು ಕಬ್ಬಿಣವನ್ನು ಕಾಯುತ್ತದೆ.

ಆದ್ದರಿಂದ ಉಪ್ಪುಕಾಗದದಿಂದ ಉಜ್ಜಿ ಬೆಳ್ಳಿಯಂತೆ ಹೊಳೆಯಿಸುವುದು ದುರಸ್ತಿಯಲ್ಲ, ನಾಶ. ಕಾಪಿಡುವ ಪದರದ ಜೊತೆಗೆ ತಯಾರಾದ ವರ್ಷ, ಕಾರ್ಖಾನೆಯ ಮುದ್ರೆ, ರೆಜಿಮೆಂಟಿನ ಗುರುತು ಎಲ್ಲವೂ ಅಳಿಸಿಹೋಗುತ್ತವೆ. ಸಂಗ್ರಹಾಲಯಗಳ ಕ್ರಮ ಬೇರೆ. ಸಡಿಲವಾದ ತುಕ್ಕನ್ನು ಮಾತ್ರ ಎಣ್ಣೆ ಹಾಕಿ ಮೆಲ್ಲಗೆ ತೆಗೆಯುತ್ತಾರೆ. ಉಳಿದದ್ದನ್ನು ಅಗತ್ಯವಿದ್ದರೆ ಟ್ಯಾನಿಕ್ ಆಮ್ಲದಿಂದ ಸ್ಥಿರವಾದ ಕಪ್ಪು ಟ್ಯಾನೇಟ್ ಆಗಿ ಮಾರ್ಪಡಿಸಿ, ಮೇಲೆ ಮೇಣ ಹಚ್ಚುತ್ತಾರೆ. ಈ ಕ್ರಿಯೆಯನ್ನು ಶಾಲೆಯಲ್ಲಿ ತೋರಿಸಲು ಕೋವಿ ಬೇಡ. ತುಕ್ಕು ಹಿಡಿದ ಮೊಳೆಯನ್ನು ಅಡಿಕೆಯ ಚೊಗರಿನಲ್ಲೋ ಗಟ್ಟಿ ಚಹಾ ಡಿಕಾಕ್ಷನ್ನಿನಲ್ಲೋ ಮುಳುಗಿಸಿಡಿ. ಮರುದಿನ ನೋಡಿದರೆ ಅದು ಕಪ್ಪಾಗತೊಡಗಿರುತ್ತದೆ.

ಮೂರು ಎಚ್ಚರಿಕೆಗಳು. ಬಾಯಿಯಿಂದ ತುಂಬುವ ಕೋವಿಯಲ್ಲಿ ದಶಕಗಳ ಹಿಂದಿನ ಈಡು ಹಾಗೆಯೇ ಉಳಿದಿರಬಹುದು, ಹೊರಗಿನಿಂದ ಕಾಣದು. ಪರವಾನಗಿ ಇರುವ ಕೋವಿ ರಿಪೇರಿಯವರು ಪರೀಕ್ಷಿಸುವ ತನಕ ಕೈ ಹಾಕಬೇಡಿ. ಎಷ್ಟೇ ಚೆನ್ನಾಗಿ ಕಂಡರೂ ಹಳೆಯ ನಳಿಗೆಯಿಂದ ಗುಂಡು ಹಾರಿಸಬೇಡಿ. ತುಕ್ಕು ತಿಂದ ಕುಳಿಗಳಲ್ಲಿ ಒತ್ತಡ ಕೇಂದ್ರೀಕರಿಸಿ ನಳಿಗೆ ಒಡೆಯಬಹುದು. ಮೂರನೆಯದು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ವಿನಾಯಿತಿ ಇರುವುದು, ದುರಸ್ತಿ ಮಾಡಿದರೂ ಬಳಸಲಾಗದ ಹಳೆಯ ಆಯುಧಗಳಿಗೆ ಮಾತ್ರ. ಅಜ್ಜನದೆಂಬ ಕಾರಣಕ್ಕೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ.

ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು 2019ರ ತಿದ್ದುಪಡಿ 3ರಿಂದ 2ಕ್ಕೆ ಇಳಿಸಿದೆ. ಪಿತ್ರಾರ್ಜಿತವಾಗಿ ಬಂದವಕ್ಕೂ ಇದೇ ಮಿತಿ. ಬಿಟ್ಟುಕೊಡಬೇಕಾದಾಗ ಮನೆಯವರು ಕೈಬಿಡುವುದು ಸಹಜವಾಗಿಯೇ ಕೆಲಸಕ್ಕೆ ಬಾರದ ಹಳೆಯದನ್ನು. ಅದು ಹೋಗುವ ಮುನ್ನ ದಾಖಲೆಯಾದರೂ ಉಳಿಯಲಿ. ಮನೆಯವರ ಒಪ್ಪಿಗೆ ಪಡೆದು, ಪರೀಕ್ಷೆಯಾದ ಕೋವಿಯ ಉದ್ದ, ನಳಿಗೆಯ ವ್ಯಾಸ, ಗೀರುಗಳ ಸಂಖ್ಯೆ, ಮುದ್ರೆಗಳನ್ನು ಶಿಕ್ಷಕರು ಬರೆದುಕೊಳ್ಳಬಹುದು, ಛಾಯಾಚಿತ್ರ ತೆಗೆದಿಡಬಹುದು. ಯಾರು ಕೊಂಡರು, ಯಾವಾಗ, ಎಲ್ಲಿಂದ ಎಂದು ಹಿರಿಯರನ್ನು ಕೇಳಿ. ಟಾರ್ಚ್ ಬೆಳಕಿನಲ್ಲಿ ನಳಿಗೆಯೊಳಗೆ ಗೀರುಗಳಿವೆಯೇ, ಇಲ್ಲವೇ ಎಂಬುದನ್ನು ಬರೆದಿಡಲು ಮರೆಯಬೇಡಿ. ಅದು ಏಕೆ ಮುಖ್ಯ ಎಂಬುದು ನಿಮಗೆ ಈಗ ಗೊತ್ತು.