ಟಾಕೋ ಪುಡಿಯ ಪುರಾಣ

ಮಗಳ ಮನೆಯ ಅಡುಗೆಮನೆಯಲ್ಲಿ ನಾನು ಮಾಡಿದ ಮೊದಲ ಎಡವಟ್ಟು ಖಾರದ ಪುಡಿಯದು. ಅವಳಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ. ಮೊಮ್ಮಗಳಿಗೆ ಟಾಕೋ ಎಂದರೆ ಪ್ರಾಣ. ಟಾಕೋ ಎಂದರೆ ಮತ್ತೇನಲ್ಲ, ಮುಸುಕಿನ ಜೋಳದ ಪುಟ್ಟ ರೊಟ್ಟಿಯನ್ನು ಅರ್ಧಕ್ಕೆ ಮಡಿಚಿ, ಒಳಗೆ ಪಲ್ಯವನ್ನೋ ಮಾಂಸವನ್ನೋ ತುಂಬಿ ತಿನ್ನುವ ತಿಂಡಿ. ಮಗಳು ಅದಕ್ಕೆ ಅಂಗಡಿಯ ಮಸಾಲೆ ಪೊಟ್ಟಣ ಒಡೆಯುವುದನ್ನು ಕಂಡು ನನಗೆ ತಡೆಯಲಾಗಲಿಲ್ಲ. "ಒಂದು ಪುಡಿಗೆ ದುಡ್ಡು ಸುರೀತೀಯಲ್ಲೇ, ನಾನು ಮಾಡ್ತೀನಿ ಬಿಡು" ಎಂದೆ. ಅವಳ ಅಡುಗೆ ಪುಸ್ತಕದಲ್ಲಿ ಎರಡು ದೊಡ್ಡ ಚಮಚ ಚಿಲಿ ಪೌಡರ್ ಎಂದಿತ್ತು. ಊರಿನಿಂದ ಒಯ್ದಿದ್ದ ಖಾರದ ಪುಡಿಯನ್ನೇ ಧಾರಾಳವಾಗಿ ಎರಡು ಚಮಚ ಹಾಕಿದೆ. ಮೊದಲ ತುತ್ತಿಗೇ ಮಗುವಿನ ಕಣ್ಣು, ಮೂಗಿನಲ್ಲಿ ನೀರು. "ಅಜ್ಜಿ, ಇದು ಟಾಕೋ ಅಲ್ಲ, ಬೆಂಕಿ!"

ತಪ್ಪು ಎಲ್ಲಾಯಿತೆಂದು ಆಮೇಲೆ ತಿಳಿಯಿತು. ನಮ್ಮಲ್ಲಿ ಖಾರದ ಪುಡಿ ಎಂದರೆ ಮೆಣಸಿನಕಾಯಿ ಮಾತ್ರ. ಅಲ್ಲಿ ಚಿಲಿ ಪೌಡರ್ ಎಂದರೆ ನಮ್ಮ ಸಾರಿನ ಪುಡಿಯಂತೆ ಕೂಡುಪುಡಿ. ಖಾರ ಕಡಿಮೆಯಿರುವ ಮೆಣಸಿನಕಾಯಿ, ಜೀರಿಗೆ, ಒರೆಗಾನೊ ಸೊಪ್ಪು, ಬೆಳ್ಳುಳ್ಳಿ ಎಲ್ಲ ಸೇರಿದ್ದು. ಒಂದು ಹೆಸರಿಗೆ ಎರಡು ಅರ್ಥ ಬಂದದ್ದಾದರೂ ಹೇಗೆ ಎಂದು ಹುಡುಕುತ್ತಾ ಹೋದವಳಿಗೆ ಸಿಕ್ಕಿದ್ದು ಅಡುಗೆಯ ಕಥೆಗಿಂತ ಹೆಚ್ಚಾಗಿ ಹೆಂಗಸರ ಕಥೆ.

ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಊರಿನ ಚೌಕಗಳಲ್ಲಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸಂಜೆಯಾದರೆ ಮೆಕ್ಸಿಕನ್ ಮೂಲದ ಹೆಂಗಸರು ಬಂದು ಕೂರುತ್ತಿದ್ದರು. ಮನೆಯಲ್ಲಿ ಬೇಯಿಸಿದ ದೊಡ್ಡ ಪಾತ್ರೆ, ಕೆಳಗೆ ಕೆಂಡ, ಮುಂದೆ ಉದ್ದನೆಯ ಮೇಜು, ಮೇಲೊಂದು ಲಾಂದ್ರ. ಪಾತ್ರೆಯಲ್ಲಿ ಒಣಮೆಣಸಿನಕಾಯಿ ಅರೆದು ಮಾಂಸದೊಂದಿಗೆ ಕುದಿಸಿದ ಗಟ್ಟಿ ಸಾರು. ಅದರ ಹೆಸರೇ ಚಿಲಿ. ಕೂಲಿಯವರು, ಸಿಪಾಯಿಗಳು, ರೈಲಿನಲ್ಲಿ ಬಂದಿಳಿದ ಪ್ರವಾಸಿಗಳು ಒಂದೇ ಬೆಂಚಿನಲ್ಲಿ ಕೂತು ತಿನ್ನುತ್ತಿದ್ದರು. ಊರು ಅವರನ್ನು 'ಚಿಲಿ ರಾಣಿಯರು' ಎಂದು ಕರೆಯಿತು. 1893ರ ಚಿಕಾಗೊ ವಿಶ್ವಮೇಳದಲ್ಲಿ ಸ್ಯಾನ್ ಆಂಟೋನಿಯೊ ಹೆಸರಿನ ಚಿಲಿ ಅಂಗಡಿಯೇ ಇತ್ತು. ರಾಣಿಯರೆಂಬ ಬಿರುದೇನೋ ಸಿಕ್ಕಿತು, ಆದರೆ ಆ ಹೆಂಗಸರಲ್ಲಿ ಹೆಚ್ಚಿನವರ ಸ್ವಂತ ಹೆಸರು ಉಳಿಯಲಿಲ್ಲ.

ಉಳಿದ ಹೆಸರು ಬೇರೆ. ಹತ್ತಿರದ ನ್ಯೂ ಬ್ರೌನ್‌ಫೆಲ್ಸ್ ಊರಿನಲ್ಲಿ ವಿಲಿಯಂ ಗೆಬಾರ್ಟ್ ಎಂಬ ಜರ್ಮನ್ ವಲಸಿಗ ಹೋಟೆಲು ಇಟ್ಟುಕೊಂಡಿದ್ದ. ಗಿರಾಕಿಗಳಿಗೆ ಚಿಲಿ ಬೇಕು, ಆದರೆ ಒಳ್ಳೆಯ ಮೆಣಸಿನಕಾಯಿ ವರ್ಷವಿಡೀ ಸಿಗುತ್ತಿರಲಿಲ್ಲ. ಆತ ಮೆಕ್ಸಿಕೊದಿಂದ ಆಂಚೊ ಎಂಬ ಒಣಮೆಣಸಿನಕಾಯಿ ತರಿಸಿ, ಮಾಂಸ ಕೊಚ್ಚುವ ಯಂತ್ರದಲ್ಲಿ ಮತ್ತೆ ಮತ್ತೆ ಹಾಕಿ ಪುಡಿ ಮಾಡಿದ, ಜೀರಿಗೆ, ಒರೆಗಾನೊ ಬೆರೆಸಿದ. 1896ರಲ್ಲಿ ಸ್ಯಾನ್ ಆಂಟೋನಿಯೊದಲ್ಲೇ ಕಾರ್ಖಾನೆ ತೆರೆದು, ಹದ್ದಿನ ಗುರುತಿನ ಚಿಲಿ ಪೌಡರ್ ಮಾರಿದ. ಫೋರ್ಟ್ ವರ್ತ್‌ನ ಪೆಂಡರಿ ಎಂಬ ವ್ಯಾಪಾರಿಯೂ ಸುಮಾರು ಅದೇ ಕಾಲಕ್ಕೆ ಇಂಥದೇ ಪುಡಿ ಮಾರುತ್ತಿದ್ದ. ಅವರ ಬುದ್ಧಿವಂತಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಮೆಣಸಿನಕಾಯಿ ಹುರಿದು, ನೆನೆಸಿ, ಕಲ್ಲಿನಲ್ಲಿ ಅರೆಯುವ ಕಷ್ಟ ಅರೆದವಳಿಗೇ ಗೊತ್ತು. ಆದರೆ ಪುಡಿ ಡಬ್ಬಿಯೊಳಗೆ ಸುಖವಾಗಿ ಊರೂರು ಸುತ್ತುತ್ತಿದ್ದಾಗ, ಅದರ ರುಚಿಯನ್ನು ಜನಕ್ಕೆ ಹಿಡಿಸಿದವರ ಗತಿ ಏನಾಯಿತು? ಧೂಳು, ನೊಣ, ಪಾತ್ರೆ ತೊಳೆಯಲು ಸರಿಯಾದ ನೀರಿಲ್ಲ ಎಂಬ ಕಾರಣ ಕೊಟ್ಟು ನಗರದವರು 1930ರ ದಶಕದಲ್ಲಿ ನಿಯಮ ಬಿಗಿ ಮಾಡಿದರು. ನಡುವೆ ಒಮ್ಮೆ ಮತ್ತೆ ಕೂರಲು ಬಿಟ್ಟದ್ದೂ ಉಂಟು. 1940ರ ದಶಕದ ಮೊದಲ ವರ್ಷಗಳ ಹೊತ್ತಿಗೆ ಚೌಕಗಳು ಖಾಲಿ. ಶುಚಿತ್ವ ಬೇಡವೆಂದು ಯಾರೂ ಹೇಳುವುದಿಲ್ಲ. ಎಬ್ಬಿಸುವ ಬದಲು ಒಂದು ನಲ್ಲಿ ಹಾಕಿಸಿಕೊಡಬಹುದಿತ್ತಲ್ಲ ಎಂದು ನನಗನಿಸುತ್ತದೆ. 1977ರಲ್ಲಿ ಟೆಕ್ಸಸ್ ಸರ್ಕಾರ ಅದೇ ಚಿಲಿಯನ್ನು ತನ್ನ ರಾಜ್ಯದ ಅಡುಗೆ ಎಂದು ಘೋಷಿಸಿತು.

ಟಾಕೋ ಕಥೆಯೂ ಹೆಚ್ಚು ಬೇರೆಯಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಲೂಸಿಯಾ ರೊಡ್ರಿಗೆಜ್ ಎಂಬಾಕೆ 1937ರಲ್ಲಿ ಮಿಟ್ಲಾ ಕೆಫೆ ತೆರೆದರು. ಎದುರು ಅಂಗಡಿಯ ಗ್ಲೆನ್ ಬೆಲ್ ಅಲ್ಲಿ ಟಾಕೋ ತಿಂದು, ಮಾಡುವುದನ್ನು ನೋಡಿ ಕಲಿತು, 1962ರಲ್ಲಿ ಟಾಕೋ ಬೆಲ್ ಶುರು ಮಾಡಿದ. ಆ ಹೆಸರು 2010ರಲ್ಲಿ ನಮ್ಮ ಬೆಂಗಳೂರಿಗೂ ಬಂತು. ಟಾಕೋ ಅಮೆರಿಕದ ಮನೆಮನೆ ಸೇರಿದಾಗ, ಚಿಲಿ ಪುಡಿಗೇ ಉಪ್ಪು, ಸಕ್ಕರೆ, ಗಟ್ಟಿಯಾಗಲೆಂದು ಪಿಷ್ಟ ಬೆರೆತು ಟಾಕೋ ಪೊಟ್ಟಣವಾಯಿತು. ಮೆಕ್ಸಿಕೊದ ಅಡುಗೆಮನೆಯಲ್ಲಿ ಕೇಳಿದರೆ ಅಂಥ ಒಂದೇ ಪುಡಿ ಇಲ್ಲ. ಒಂದೊಂದು ಟಾಕೋಗೆ ಒಂದೊಂದು ಮಸಾಲೆ, ನಮ್ಮ ಹುಳಿಗೂ ಗೊಜ್ಜಿಗೂ ಇದ್ದಂತೆ.

ಇನ್ನೊಂದು ಸೋಜಿಗ ನೋಡಿ. ಮೆಣಸಿನಕಾಯಿ ಮೆಕ್ಸಿಕೊ ಕಡೆಯದು, ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂತು. ಅದಕ್ಕೂ ಮುಂಚೆ ನಮ್ಮ ಅಜ್ಜಿಯರಿಗೆ ಖಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಜೀರಿಗೆಯಾದರೋ ಹಳೆಯ ಲೋಕದ್ದು, ಸ್ಪೇನಿನವರ ಜೊತೆ ಅಲ್ಲಿಗೆ ಹೋಯಿತು. ಅಲ್ಲಿಂದ ಬಂದದ್ದೂ ಇಲ್ಲಿಯ ಕಡೆಯಿಂದ ಹೋದದ್ದೂ ಒಂದೇ ಪುಡಿಯಲ್ಲಿ ಕೂಡಿವೆ. ಟಾಕೋ ಪುಡಿಯ ಘಮ ನನಗೆ ಪರಕೀಯ ಅನ್ನಿಸದಿದ್ದುದು ಇದಕ್ಕೇ.

ಎರಡನೆಯ ಸಲ ಎಚ್ಚರದಿಂದ ಮಾಡಿದೆ. ಬ್ಯಾಡಗಿ ಮೆಣಸಿನಕಾಯಿ 8, ಬೀಜ ಕೊಡವಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದೆ. ಆಂಚೊಗಿಂತ ಇದು ಖಾರವೇ, ಆದರೆ ಬಣ್ಣ ಚೆನ್ನ, ನಾಲಿಗೆ ಸುಡುವುದಿಲ್ಲ. 2 ಚಹಾ ಚಮಚ ಜೀರಿಗೆ ಘಮ್ಮೆನ್ನುವ ತನಕ ಹುರಿದೆ. ಅರ್ಧ ಚಮಚ ಕರಿಮೆಣಸು, 1 ಚಮಚ ಒಣ ಒರೆಗಾನೊ, ಅರ್ಧರ್ಧ ಚಮಚ ಬೆಳ್ಳುಳ್ಳಿ, ಈರುಳ್ಳಿ ಪುಡಿ. ಎಲ್ಲ ಆರಿದ ಮೇಲೆ ಮಿಕ್ಸಿಗೆ. ಬಿಸಿಯಲ್ಲೇ ಪುಡಿ ಮಾಡಿ ಮುಚ್ಚಿಟ್ಟರೆ ಬೆವರಿ ಕಟ್ಟಿಕೊಳ್ಳುತ್ತದೆ. ಎರಡು ಲೋಟ ಬೇಯಿಸಿದ ರಾಜ್ಮಾಕ್ಕೆ 1 ದೊಡ್ಡ ಚಮಚ ಪುಡಿ ಸಾಕು, ಉಪ್ಪು ಆಮೇಲೆ ಪಲ್ಯಕ್ಕೇ ಹಾಕಿದರಾಯಿತು. ಪಿಷ್ಟ ಬೇಕಿಲ್ಲ, ನಾಲ್ಕು ಕಾಳು ಸೌಟಿನಲ್ಲಿ ಮಸೆದರೆ ತಾನೇ ಗಟ್ಟಿಯಾಗುತ್ತದೆ. ಮೊಮ್ಮಗಳು ಮೂರು ಟಾಕೋ ತಿಂದಳು.

"ಅಳತೆ ಬರೆದಿಡಮ್ಮ" ಎಂದಳು ಮಗಳು. ಆಗ ನನಗೆ ನಮ್ಮತ್ತೆಯ ನೆನಪಾಯಿತು. ಜೀರಿಗೆ ಹುರಿಯುವ ಹದ ನನಗೆ ಅವರು ಕಲಿಸಿದ್ದು. ಅವರ ಸಾರಿನ ಪುಡಿಗೆ ಬೀದಿಯೇ ಆಸೆಪಡುತ್ತಿತ್ತು. ಅಳತೆ ಎಂದರೆ ಅವರ ಅಂಗೈ. ಮೂವತ್ತು ವರ್ಷ ಜೊತೆಯಲ್ಲಿದ್ದೂ ನಾನು ಅದನ್ನು ಬರೆದುಕೊಳ್ಳಲಿಲ್ಲ, ಇರುತ್ತಾರಲ್ಲ ಎಂಬ ಧೈರ್ಯ. ಅವರು ಹೋದ ಮೇಲೆ ಎಷ್ಟು ಸಲ ಮಾಡಿದರೂ ಆ ರುಚಿ ಬರಲಿಲ್ಲ. ಯಾವ ಕಾರ್ಖಾನೆಯವರೂ ಅದನ್ನು ಕದಿಯಲಿಲ್ಲ, ನಾನೇ ಕಳೆದೆ.

ಆ ದಿನ ಪುಸ್ತಕ ತೆಗೆದುಕೊಂಡು ಕೂತೆ. ಟಾಕೋ ಪುಡಿಯ ಅಳತೆ ಬರೆದು, ಕೆಳಗೆ 'ಜೀರಿಗೆ ಹುರಿಯುವ ರೀತಿ ನಮ್ಮತ್ತೆಯದು' ಎಂದು ಸೇರಿಸಿ, ಅವರ ಪೂರ್ತಿ ಹೆಸರು ಬರೆದೆ. ಮೊಮ್ಮಗಳು ಅದನ್ನು ಅಕ್ಷರ ಕೂಡಿಸಿ ಓದಿದಳು. ಆ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು.